ತಾರಾಬಾಯಿ ಸೋಸಿದ ನೀರು

ದಡ್ಡಿಯ ತಾರಾಬಾಯಿ ತಾವು ಸೋಸದ ನೀರನ್ನು ಎಲ್ಲಿಯೂ ಕುಡಿಯುತ್ತಿರಲಿಲ್ಲ. ಮದುವೆಗೆ ಹೋದರೂ, ಹುಕ್ಕೇರಿ ಸಂತೆಗೆ ಹೋದರೂ, ಮೂಡಲಗಿಗೆ ಕೊಟ್ಟ ಮಗಳು ಭಕ್ತಿಯ ಮನೆಗೆ ಹೋದರೂ ಅವರ ಕೈಚೀಲದಲ್ಲಿ ಒಂದು ತಂಬಿಗೆ, ಮಡಚಿದ ಒಂದು ಬಿಳಿ ಅರಿವೆ ಇರಲೇಬೇಕು. ಬೇಸಿಗೆಯಲ್ಲಿ ಬಸ್ಸು ಕೆಟ್ಟು ನಡುದಾರಿಯಲ್ಲಿ ನಿಂತರೆ ಉಳಿದವರು ಕಂಡಲ್ಲಿ ಬೊಗಸೆ ಒಡ್ಡಿ ಕುಡಿಯುವರು, ಇವರು ಗಂಟಲು ಒಣಗಿಸಿಕೊಂಡು ಕೂಡುವರು. ನನಗೆ ಇಂಥ ಹಟ ಕಂಡರೆ ಸಿಟ್ಟು ಬರುತ್ತದೆ. ನಾನು ಮೂಡಲಗಿಯ ಬಸ್ ಸ್ಟ್ಯಾಂಡಿನ ನಲ್ಲಿಗೆ ಬಾಯಿ ಹಚ್ಚಿ ಬೆಳೆದವನು, ಯಾವ ನೀರೂ ನನಗೆ ಏನೂ ಮಾಡಿಲ್ಲ. ಆದರೂ ಈ ಹೆಣ್ಣುಮಗಳ ಬಗ್ಗೆ ಬರೆಯಬೇಕೆಂದು ಬಹಳ ವರ್ಷಗಳಿಂದ ಅಂದುಕೊಂಡಿದ್ದೇನೆ.

ಅವರ ತವರು ಹುಕ್ಕೇರಿ. ಗಂಡ ಧರಣೇಂದ್ರ ದಡ್ಡಿಯಲ್ಲಿ ಸಣ್ಣ ಕಿರಾಣಿ ಅಂಗಡಿ ಇಟ್ಟಿದ್ದರು. ಮಾತು ಕಡಿಮೆ, ತೂಕ ಸರಿ ಎಂದು ಹೆಸರಾದ ಮನುಷ್ಯ. ಭಕ್ತಿ ಇನ್ನೂ ಶಾಲೆಗೆ ಹೋಗುತ್ತಿರುವಾಗಲೇ ತೀರಿಕೊಂಡರು. ಅಂಗಡಿ ಮುಚ್ಚಿ ತವರಿಗೆ ಹೋಗು ಎಂದು ಭಾವಂದಿರು ಹೇಳಿದರಂತೆ. ತಾರಾಬಾಯಿ ಅವರ ಮಾತನ್ನು ಪೂರ್ತಿ ಕೇಳಿ, ಚಹಾ ಕೊಟ್ಟು ಕಳಿಸಿ, ಮರುದಿನ ತಾವೇ ತಕ್ಕಡಿ ಹಿಡಿದು ಕೂತರು. ಬೆಲ್ಲಕ್ಕೆ ಇರುವೆ ಹತ್ತಿದ್ದರೆ ಒಂದೊಂದನ್ನೂ ಊದಿ ಓಡಿಸಿದ ಮೇಲೆಯೇ ತೂಗುವುದು. ಅಲ್ಲಿಯವರೆಗೆ ಗಿರಾಕಿ ಕಾಯಬೇಕು, ಅವಸರ ಮಾಡಿದರೆ ಕನ್ನಡ ಮರಾಠಿ ಎರಡರಲ್ಲೂ ಬೈಸಿಕೊಳ್ಳಬೇಕು. ಹೊತ್ತು ಮುಳುಗುವ ಮೊದಲು ಊಟ, ಮುಳುಗಿದ ಮೇಲೆ ಬಾಯಿಗೆ ಏನೂ ಇಲ್ಲ. ಅವರ ಓಣಿಯಲ್ಲಿ ಗಡಿಯಾರ ನೋಡುವ ಬದಲು ತಾರಾಬಾಯಿಯ ಒಲೆ ನೋಡುತ್ತಿದ್ದರು.

ಹಿತ್ತಲಲ್ಲಿ ಒಂದು ಬಾವಿ. ಮಾವನ ಕಾಲದ್ದು, ಎದೆಮಟ್ಟದ ಕರಿಕಲ್ಲಿನ ಕಟ್ಟೆ. ದಿನಾ ಮುಂಜಾನೆ ಮಡಿಯುಟ್ಟು ನೀರು ಸೇದಿ, ದಪ್ಪ ಅರಿವೆಯನ್ನು ಎರಡು ಪದರ ಮಾಡಿ ಕೊಡದ ಬಾಯಿಗೆ ಕಟ್ಟಿ ಸೋಸುವರು. ಅಷ್ಟಕ್ಕೇ ಮುಗಿಯುವುದಿಲ್ಲ. ಅರಿವೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳು ಸಾಯಬಾರದು. ಅದಕ್ಕೆ ಅರಿವೆಯನ್ನು ತಿರುವಿ, ಸೋಸಿದ ನೀರಿನಿಂದಲೇ ತೊಳೆದು, ಆ ನೀರನ್ನು ಮತ್ತೆ ಅದೇ ಬಾವಿಗೆ ಬಿಡಬೇಕು. ಮೇಲಿಂದ ಸುರಿದರೆ ಅವಕ್ಕೆ ಪೆಟ್ಟಾಗುತ್ತದೆ. ಹಾಗಾಗಿ ಬುಡಕ್ಕೂ ಒಂದು ಬಳೆ ಇದ್ದ ತಾಮ್ರದ ತಂಬಿಗೆಯೊಂದಿತ್ತು. ಅದರ ಕೊರಳಿಗೊಂದು, ಬುಡದ ಬಳೆಗೊಂದು ಹಗ್ಗ ಕಟ್ಟಿ ಮೆಲ್ಲಗೆ ಇಳಿಸಿ, ನೀರು ಮುಟ್ಟಿದ ಮೇಲೆ ಬುಡದ ಹಗ್ಗ ಜಗ್ಗಿದರೆ ಅಲ್ಲೇ ಮಗುಚಿಕೊಳ್ಳುವುದು. ಮಲಗಿದ ಕೂಸನ್ನು ತೊಟ್ಟಿಲಿಗೆ ಇಳಿಸಿದ ಹಾಗೆ ಅದನ್ನು ಇಳಿಸುತ್ತಿದ್ದರು.

ಗೋಡೆಗೆ ಗೋಡೆ ಹಚ್ಚಿದ ಮನೆ ಕಾಶೆವ್ವನದು. ಕೊರಳಲ್ಲಿ ಲಿಂಗ ಕಟ್ಟಿದ ಒಕ್ಕಲುತನದ ಮನೆ. ಕಾಶೆವ್ವ ಸೊಸೆಯಾಗಿ ಬಂದ ದಿನದಿಂದ ಅವರ ಮನೆಯ ಕುಡಿಯುವ ನೀರು ತಾರಾಬಾಯಿಯ ಕಟ್ಟೆಯದು. ಓಣಿಯಲ್ಲಿ ಬಾಣಂತಿ ಇದ್ದರೂ, ಜಡ್ಡಾದವರಿದ್ದರೂ ಒಂದು ಚರಿಗೆ ಹಿಡಿದು ಅಲ್ಲಿಗೇ ಬರುವರು. ಕಾಶೆವ್ವನ ಮಗ ಮಲ್ಲೇಶನ ಮಗಳು ಶೋಭಾ ಹುಟ್ಟಿದಾಗ ಅದರ ಬಾಯಿಗೆ ಬಿಟ್ಟ ಮೊದಲ ಹನಿಯೂ ಆ ನೀರೇ. ತಾರಾಬಾಯಿಗೆ ಅದೊಂದು ಹೆಮ್ಮೆ. ಹೆಮ್ಮೆ ಪಡಬಾರದು ಎಂದು ಬಸದಿಯಲ್ಲಿ ಹೇಳುತ್ತಾರೆ, ಅವರು ಪಡುತ್ತಿದ್ದರು.

ಎರಡು ಸಾವಿರದ ಐದನೆಯ ಇಸವಿಯ ಆಷಾಢದಲ್ಲಿ ಘಟಪ್ರಭೆ ಊರೊಳಗೆ ಬಂತು. ಜನ ಶಾಲೆಯ ದಿಬ್ಬಕ್ಕೆ ಏರಿದರು. ನೀರು ಇಳಿದು ಮರಳಿ ಬಂದಾಗ ಮನೆಗಳಲ್ಲಿ ಮೊಣಕಾಲುದ್ದ ರಾಡಿ. ಬಣವೆಗಳು ಕೊಳೆತು ನಾರುತ್ತಿದ್ದವು, ಸತ್ತ ದನಗಳು ಜಾಲಿಕಂಟಿಗೆ ಸಿಕ್ಕಿಕೊಂಡಿದ್ದವು. ಊರಿನ ಕೈಪಂಪು ಕೆಸರಲ್ಲಿ ಹೂತಿತ್ತು. ತಾರಾಬಾಯಿಯ ಬಾವಿಯ ಕಟ್ಟೆಗೆ ಮಾತ್ರ ಹೊಳೆ ಅರ್ಧದವರೆಗೆ ಏರಿ ಇಳಿದಿತ್ತು, ಒಳಗೆ ಹನಿ ಬಿದ್ದಿರಲಿಲ್ಲ. ಹೊಳೆ ಕೂಡ ತಾರಾಬಾಯಿಗೆ ಅಂಜಿತು ಎಂದು ಜನ ಅಂದರು. ಮಗಳು ಅಳಿಯ ಕರೆಯಲು ಬಂದಾಗ, ಇಡೀ ಓಣಿ ನೀರಿಗೆ ನನ್ನ ಬಾಗಿಲಲ್ಲಿ ನಿಂತಿದೆ, ಹೇಗೆ ಬರಲಿ ಎಂದು ತಾರಾಬಾಯಿ ತಿರುಗಿ ಕಳಿಸಿದರು. ಆಮೇಲೆ ಬೆಳಗಿನಿಂದ ಹೊತ್ತು ಮುಳುಗುವತನಕ ಸೇದುವುದು, ಸೋಸುವುದು. ಎರಡು ಪದರ ಸಾಲದು ಎಂದು ನಾಲ್ಕು ಪದರ ಮಾಡಿದರು.

ನಾನಾಗ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಹೇಳುತ್ತಿದ್ದೆ. ಜೊತೆಗೆ ವಿದ್ಯಾರ್ಥಿಗಳ ಸೇವಾ ಯೋಜನೆಯ ಹೊರೆಯನ್ನು ಯಾರೋ ನನ್ನ ತಲೆಗೆ ಕಟ್ಟಿದ್ದರು. ಹೊಳೆಯ ಸುದ್ದಿ ಬಂದ ಬೆಳಿಗ್ಗೆ ಸಭೆ ಕರೆದರು. ಅಲ್ಲಿ ಎಲ್ಲರೂ ಮಾತಾಡಿದರು. ಬ್ಯಾನರ್ ಎಷ್ಟು ಉದ್ದ ಇರಬೇಕು ಎಂಬ ಚರ್ಚೆ ಶುರುವಾದಾಗ ನಾನು ಎದ್ದು ಹೊರಗೆ ಬಂದೆ. ಹೊರಗೆ ಬಂದು ನೋಡಿದರೆ ಹಾಸ್ಟೆಲಿನ ಹುಡುಗರು ಆಗಲೇ ಸಲಿಕೆ ಬುಟ್ಟಿ ಕೂಡಿಹಾಕಿದ್ದರು. ತಮ್ಮ ಒಂದು ಹೊತ್ತಿನ ಊಟ ಬಿಟ್ಟು ಆ ಅಕ್ಕಿಬೇಳೆಯನ್ನು ಚೀಲಕ್ಕೆ ತುಂಬಿದ್ದರು. ಕ್ವಾರ್ಟರ್ಸಿನ ಹೆಣ್ಣುಮಕ್ಕಳು, ಪ್ರಾಧ್ಯಾಪಕರ ಹೆಂಡತಿಯಿಂದ ಹಿಡಿದು ಕಸ ಹೊಡೆಯುವ ಕೆಂಚವ್ವನವರೆಗೆ, ಒಂದೇ ಅಂಗಳದಲ್ಲಿ ಒಲೆ ಹೂಡಿ ಜೋಳದ ರೊಟ್ಟಿ ಬಡಿಯುತ್ತಿದ್ದರು. ಕಡಕ್ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ. ಕೆಡುವುದಿಲ್ಲ, ತಟ್ಟೆ ಬೇಕಿಲ್ಲ. ಅವರನ್ನು ನೋಡಿ ನನ್ನ ಸಿಟ್ಟು ಇಳಿಯಿತು.

ವಿಶ್ವವಿದ್ಯಾಲಯದ ಬಸ್ಸನ್ನು ಡ್ರೈವರ್ ಖಂಡೆಪ್ಪ ನೀರು ನಿಂತ ರಸ್ತೆಗಳಲ್ಲಿ ಅದೆಷ್ಟು ಸುತ್ತು ಹೊಡೆದು ತಂದನೋ, ಅಂತೂ ದಡ್ಡಿ ಮುಟ್ಟಿದೆವು. ಶಾಲೆಯಲ್ಲಿ ಬಿಡಾರ. ಹುಡುಗರು ಮನೆಮನೆಗೆ ಹೋಗಿ ರಾಡಿ ತೆಗೆದರು. ಒಬ್ಬ ಹುಡುಗ ಯಾರದೋ ಮನೆಯ ಕೆಸರಿನಲ್ಲಿ ಸಿಕ್ಕ ಮದುವೆಯ ಫೋಟೋವನ್ನು ತೊಳೆಯಲು ಹೋಗಿ, ಮುಖಗಳೇ ತೊಳೆದುಹೋದವೆಂದು ಮೂಲೆಯಲ್ಲಿ ಕೂತಿದ್ದ. ಆ ಮನೆಯ ಮುದುಕಿಯೇ ಅವನಿಗೆ ಸಮಾಧಾನ ಹೇಳಿದಳು.

ನಮ್ಮ ಜೊತೆ ಮಯೂರಿ ಎಂಬ ವಿದ್ಯಾರ್ಥಿನಿ ಇದ್ದಳು. ಸೂಕ್ಷ್ಮಜೀವಿ ಶಾಸ್ತ್ರ ಓದುತ್ತಿದ್ದಳು. ಗೋಕಾಕ ಫಾಲ್ಸಿನವಳು, ಅಪ್ಪ ಅಲ್ಲಿನ ಗಿರಣಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅವಳ ವಿಭಾಗದವರು ನೀರು ಪರೀಕ್ಷೆಯ ಬಾಟಲಿಗಳನ್ನು ಪೆಟ್ಟಿಗೆ ತುಂಬ ಕೊಟ್ಟು ಕಳಿಸಿದ್ದರು. ಬಾಟಲಿಗೆ ನೀರು ತುಂಬಿ ಒಂದು ದಿನ ಬೆಚ್ಚಗೆ ಇಡಬೇಕು. ಹೊಲಸು ಕೂಡಿದ ನೀರಾದರೆ ಕಪ್ಪಾಗುತ್ತದೆ, ಇಲ್ಲವಾದರೆ ಹಾಗೇ ಉಳಿಯುತ್ತದೆ. ತಾರಾಬಾಯಿಗೂ ಅವಳಿಗೂ ಮೊದಲ ಸಂಜೆಯೇ ನಂಟು ಬೆಸೆಯಿತು. ಉಳಿದ ಹುಡುಗರಿಗೆ ದೀಪ ಹಚ್ಚಿದ ಮೇಲೆ ಊಟವಾದರೆ ಮಯೂರಿ ಹೊತ್ತಿರುವಾಗಲೇ ರೊಟ್ಟಿ ತಿಂದು ಏಳುವುದನ್ನು ಅವರು ಕಂಡರು. ಯಾರ ಮಗಳು, ಯಾವ ಊರ ಬಸದಿ ಎಂದು ವಿಚಾರಿಸಿ, ನಾಳೆಯಿಂದ ನನ್ನ ಮನೆಯಲ್ಲೇ ಉಣ್ಣು ಎಂದು ಅಪ್ಪಣೆ ಮಾಡಿದರು. ಮಯೂರಿ ಅವರನ್ನು ಮನೆಯ ಹಿರಿಯಳನ್ನು ಕರೆಯುವ ಹಾಗೆ ಆಯಿ ಎಂದು ಕರೆದಳು. ಅವರ ಬಾವಿಯ ನೀರನ್ನು ಒಂದು ಬಾಟಲಿಗೆ ತುಂಬಿಸಿಕೊಂಡಾಗ ತಾರಾಬಾಯಿ ನಕ್ಕು, ಇದನ್ನು ನೋಡಿ ಉಳಿದ ನೀರನ್ನು ಅಳೆ ಎಂದರಂತೆ. ಬಾಟಲಿಯನ್ನು ಅವರ ಮನೆಯ ಗೋಡೆಯ ಮಾಡಿನಲ್ಲೇ ಇಟ್ಟರು.

ಮರುದಿನ ಬೆಳಕು ಹರಿಯುವ ಮುಂಚೆ ನಾಲ್ಕು ವರ್ಷದ ಶೋಭಾಳಿಗೆ ವಾಂತಿ ಶುರುವಾಯಿತು, ಹಿಂದೆಯೇ ಭೇದಿ. ಹೊತ್ತೇರುವಷ್ಟರಲ್ಲಿ ಕೂಸಿನ ಕಣ್ಣು ಗುಳಿಬಿದ್ದು ತುಟಿ ಒಣಗಿದವು. ತಾರಾಬಾಯಿ ಓಡಿಹೋಗಿ, ಸೋಸಿದ ನೀರನ್ನೇ ಚಮಚದಿಂದ ಅದರ ಬಾಯಿಗೆ ಬಿಡುತ್ತ ಕೂತರು. ಮಯೂರಿ ಹೋಗಿ ಆ ಬಟ್ಟಲನ್ನು ಅವರ ಕೈಯಿಂದ ತೆಗೆದುಕೊಂಡಳು. ಮಾಡಿನ ಬಾಟಲಿಯನ್ನು ಅವಳು ಆಗಲೇ ನೋಡಿಬಂದಿದ್ದಳು. ದಿನ ತುಂಬುವ ಮೊದಲೇ ನೀರು ಕಾಡಿಗೆಯ ಬಣ್ಣಕ್ಕೆ ತಿರುಗಿತ್ತು.

ಖಂಡೆಪ್ಪ ಕೂಸನ್ನೂ ಮಲ್ಲೇಶನನ್ನೂ ಕಾಶೆವ್ವನನ್ನೂ ಬಸ್ಸಿಗೆ ಹತ್ತಿಸಿಕೊಂಡು ಹುಕ್ಕೇರಿಯ ಆಸ್ಪತ್ರೆಗೆ ಹೋದ. ಓಣಿಯಲ್ಲಿ ಇನ್ನಷ್ಟು ಮನೆಗಳಲ್ಲಿ ಹೊಟ್ಟೆ ನೋವು ಅನ್ನತೊಡಗಿದ್ದರು. ಹೊಳೆ ಕಟ್ಟೆ ದಾಟಿರಲಿಲ್ಲ, ನಿಜ. ಆದರೆ ನೆಲದೊಳಗಿನಿಂದ, ಪಾಯಖಾನೆ ಗುಂಡಿ, ತಿಪ್ಪೆ, ಎಲ್ಲವನ್ನೂ ಹಾದು ಬಾವಿಯ ಒಡಲಿಗೆ ಇಳಿದಿತ್ತು. ಕಾಸಿ ಕುಡಿಯಲು ಊರಲ್ಲಿ ಒಣಗಿದ ಒಂದು ಕಟ್ಟಿಗೆ ಇರಲಿಲ್ಲ. ನಮ್ಮ ಬಿಡಾರದ ಗ್ಯಾಸಿನ ಮೇಲೆ ಎಷ್ಟು ಮನೆಗೆ ಕಾಸಬಹುದು? ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕದೆ ದಾರಿ ಇರಲಿಲ್ಲ. ಚೀಲ ಬಸ್ಸಿನಲ್ಲೇ ಬಂದಿತ್ತು.

ಮಯೂರಿ ಅದನ್ನು ಹೇಳಿದಾಗ ತಾರಾಬಾಯಿ ಬಾವಿಯ ಕಟ್ಟೆಗೆ ಬೆನ್ನು ಕೊಟ್ಟು ನಿಂತರು. ಅದನ್ನು ಹಾಕಿದರೆ ಒಳಗಿನ ಜೀವಗಳೇನಾಗುತ್ತವೆ ಎಂದು ಕೇಳಿದರು. ಮಯೂರಿ ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಸಾಯುತ್ತವೆ ಎಂದಳು.

"ನೀ ನಮ್ಮಾಕಿ ಅದಿ," ಎಂದರು ತಾರಾಬಾಯಿ. "ಹಿಂತಾ ಮಾತು ನಿನ್ನ ಬಾಯಾಗ ಬರಬಾರದಿತ್ತು."

"ಆಯಿ, ನಮ್ಮ ಮನ್ಯಾಗೂ ಸೋಸೇ ಕುಡೀತೀವ್ರಿ. ಅರಿವಿಗೆ ಸಿಗಲಾರದಂತಾ ಸಣ್ಣ ಜೀವ ಇದರಾಗ ಅದಾವ್ರಿ. ಕೂಸಿನ ಹೊಟ್ಟಿ ಹೊಕ್ಕಿದ್ದು ಅವ."

"ಸಣ್ಣವು ಅದಾವಂತ ಕೊಲ್ಲಾಕ ಬರ್ತೈತೇನ?"

ಹುಡುಗಿ ಕೈಯಲ್ಲಿದ್ದ ಪುಡಿಯ ಡಬ್ಬಿಯನ್ನು ನೆಲಕ್ಕಿಟ್ಟಳು. ನಾನು ಇತಿಹಾಸದ ಮೇಷ್ಟ್ರು, ಇಂಥ ಪ್ರಶ್ನೆಗೆ ಸತ್ತವರ ಪುಸ್ತಕಗಳಲ್ಲಿ ಉತ್ತರ ಹುಡುಕುವವನು. ಓಣಿಯವರು ಸುತ್ತ ನಿಂತಿದ್ದರು. ಯಾರೂ ಕೊಡ ಮುಂದೆ ಚಾಚಲಿಲ್ಲ. ಆ ಕೊಡಗಳನ್ನು ತಾರಾಬಾಯಿ ಬಹಳ ಹೊತ್ತು ನೋಡಿದರು. ಬೆಳಿಗ್ಗೆ ತಾವೇ ತುಂಬಿಸಿ ಕಳಿಸಿದ ಕೊಡಗಳು ಅವು.

ಅಷ್ಟರಲ್ಲಿ ಭಕ್ತಿ ಮತ್ತೆ ಬಂದಳು. ಸುದ್ದಿ ಮೂಡಲಗಿಯವರೆಗೆ ಹೋಗಿತ್ತು. ಜಾಣ ಹುಡುಗಿ, ಬಂದವಳೇ ಎಲ್ಲವನ್ನೂ ಅರ್ಥ ಮಾಡಿಕೊಂಡು ಒಂದು ಉಪಾಯ ಹೇಳಿದಳು. ಅವ್ವ ತನ್ನ ಜೊತೆ ಮೂಡಲಗಿಗೆ ಬಂದುಬಿಡಲಿ. ಅವಳು ಇಲ್ಲದಾಗ ಕಾಲೇಜಿನವರು ತಮ್ಮ ಕೆಲಸ ಮಾಡಿಕೊಳ್ಳಲಿ. ನೋಡದ ಪಾಪ, ಹೇಳದ ಪಾಪ ಅವ್ವನಿಗೆ ಹತ್ತುವುದಿಲ್ಲ. ಖರೆ ಹೇಳಬೇಕೆಂದರೆ ಅಲ್ಲಿದ್ದ ಎಲ್ಲರ ಎದೆ ಹಗುರಾಯಿತು. ನಾನಂತೂ ಅವರ ಕೈಚೀಲ ಎಲ್ಲಿದೆ ಎಂದು ಕಣ್ಣಲ್ಲೇ ಹುಡುಕುತ್ತಿದ್ದೆ.

ತಾರಾಬಾಯಿ ಕಟ್ಟೆ ಬಿಟ್ಟು ಈಚೆ ಬಂದರು. ಮಗಳ ಮುಖ ನೋಡಿದರು, ಆಮೇಲೆ ಮಯೂರಿಯ ಮುಖ.

"ನಾ ಮೂಡಲಗ್ಯಾಗ ಕುಂತು ಈ ಹುಡುಗಿ ಕೈಲೆ ಕೊಲ್ಲಸೂದು. ಪಾಪ ಈಕಿಗೆ ಹತ್ತಬೇಕು, ನಾ ಚೊಕ್ಕ ಇರಬೇಕು. ಅದು ನನ್ನ ಕೈಲೆ ಆಗೂದಿಲ್ಲ ಭಕ್ತಿ," ಎಂದರು. "ಓಣಿಗೆಲ್ಲಾ ನೀರ ಕೊಟ್ಟಾಕಿ ನಾನು. ಇದನ್ನ ಹಾಕಾಕಿನೂ ನಾನ."

ಹೇಗೆ ಮಾಡಬೇಕೆಂದು ಮಯೂರಿಯನ್ನು ಕೇಳಿದರು. ಅವಳು ಬಕೀಟಿನಲ್ಲಿ ಪುಡಿ ಕಲಸಿ, ಅದರಲ್ಲಿನ ಸುಣ್ಣ ಕೆಳಗೆ ಕೂರುವವರೆಗೆ ಕಾದು, ಮೇಲಿನ ತಿಳಿಯನ್ನು ಬೇರೆ ಮಾಡಿಕೊಟ್ಟಳು. ಬಕೀಟಿನಿಂದ ಹಾಗೇ ಸುರಿಯಬಹುದು ಎಂದು ನಮ್ಮ ಹುಡುಗನೊಬ್ಬ ಹೇಳಿದ. ತಾರಾಬಾಯಿ ಒಳಗೆ ಹೋಗಿ ಆ ತಾಮ್ರದ ತಂಬಿಗೆ ತಂದರು, ಬುಡಕ್ಕೆ ಬಳೆಯಿದ್ದದ್ದು. ಅದರಲ್ಲಿ ತಿಳಿ ತುಂಬಿ, ಹಗ್ಗ ಬಿಟ್ಟು, ದಿನಾ ಇಳಿಸುವ ಹಾಗೆಯೇ ಮೆಲ್ಲಗೆ ಇಳಿಸಿದರು. ನೀರು ಮುಟ್ಟಿದ ಮೇಲೆ ಬುಡದ ಹಗ್ಗ ಜಗ್ಗಿದರು. ಮೇಲೆಳೆದು ಮತ್ತೆ ತುಂಬಿದರು, ಮತ್ತೆ ಇಳಿಸಿದರು. ಪ್ರತಿ ಸಲವೂ ಅದೇ ನಿಧಾನ. ಪುಡಿಯ ಘಾಟು ಹಿತ್ತಲ ತುಂಬ ಏರಿತು, ಅವರ ಕಣ್ಣು ಕೆಂಪಾದವು, ಅವರು ಅಳಲಿಲ್ಲ. ಮಯೂರಿ ಗೋಡೆಯ ಕಡೆ ತಿರುಗಿ ಅತ್ತಳು.

ಮುಗಿದ ಮೇಲೆ ತಾರಾಬಾಯಿ ಸ್ನಾನ ಮಾಡಿ ಬಸದಿಗೆ ಹೋಗಿ ಉಪವಾಸದ ನೇಮ ಹಿಡಿದರು. ಅನ್ನವಿಲ್ಲ, ಹೊತ್ತಿರುವಾಗ ಒಂದು ಸಲ ಕಾಸಿ ಆರಿಸಿದ ನೀರು ಮಾತ್ರ. ಆ ನೀರನ್ನು ಮಯೂರಿಯೇ ಬಿಡಾರದ ಒಲೆಯಲ್ಲಿ ಕಾಸಿ ಒಯ್ಯುತ್ತಿದ್ದಳು. ಹುಕ್ಕೇರಿಯಿಂದ ಶೋಭಾ ಹೇಗಿದ್ದಾಳೆಂದು ಖಂಡೆಪ್ಪ ದಿನಾ ಸುದ್ದಿ ತರುತ್ತಿದ್ದ. ಸಲಾಯಿನ್ ಹಚ್ಚಿದ್ದಾರೆ, ಕಣ್ಣು ಬಿಟ್ಟಿಲ್ಲ. ಕಣ್ಣು ಬಿಟ್ಟಿತು, ಗುರುತು ಹಿಡಿಯಲಿಲ್ಲ. ಕೊನೆಗೊಮ್ಮೆ, ಬಿಸ್ಕೀಟು ಕೇಳಿತು ಎಂದ. ಅವತ್ತು ನಮ್ಮ ಹುಡುಗರು ಸಲಿಕೆ ಕೆಳಗಿಟ್ಟು ಶಾಲೆಯ ಅಂಗಳದಲ್ಲಿ ಕೂತುಬಿಟ್ಟರು. ತಾರಾಬಾಯಿ ಸುದ್ದಿ ಕೇಳಿ ಕೈ ಮುಗಿದರು, ಉಪವಾಸ ಮಾತ್ರ ಬಿಡಲಿಲ್ಲ. ಹಿಡಿದ ನೇಮ ಮುಗಿಸಿಯೇ ಎದ್ದರು.

ಬಾಟಲಿ ಮತ್ತೆ ಇಟ್ಟು ನೋಡಿದೆವು, ಕಪ್ಪಾಗಲಿಲ್ಲ. ಓಣಿಯ ಕೊಡಗಳು ಒಂದೊಂದಾಗಿ ಕಟ್ಟೆಗೆ ಮರಳಿದವು. ಕಾಶೆವ್ವನ ಕೊಡ ಮಾತ್ರ ಬರಲಿಲ್ಲ. ಆಸ್ಪತ್ರೆಯಿಂದ ಕೂಸಿನ ಜೊತೆ ಬಂದವಳು ಬಾಗಿಲು ಮುಚ್ಚಿಕೊಂಡಳು. ಜಗಳವಿಲ್ಲ, ಬೈಗುಳವಿಲ್ಲ. ಟ್ಯಾಂಕರ್ ಬರತೊಡಗಿತ್ತು, ಮಲ್ಲೇಶ ಅಲ್ಲಿಂದ ಹಿಡಿದು ತರುತ್ತಿದ್ದ. ಎರಡು ಮನೆಗಳ ನಡುವಿನ ಗೋಡೆಯ ಮೇಲೆ ಪಲ್ಯದ ಬಟ್ಟಲುಗಳು ಓಡಾಡುವುದು ನಿಂತಿತು. ತಾರಾಬಾಯಿ ಅಂಗಡಿ ತೆರೆದರು, ಇರುವೆ ಊದಿದರು, ಯಾರಿಗೂ ಬೈಯಲಿಲ್ಲ. ಅದೇ ಊರಿಗೆ ಹೆಚ್ಚು ಚಿಂತೆಯಾಯಿತು.

ನಮ್ಮವರು ಊರನ್ನು ಕೈಬಿಡಲಿಲ್ಲ, ಅಷ್ಟು ಮಾತ್ರ ಅಭಿಮಾನದಿಂದ ಹೇಳುತ್ತೇನೆ. ಪತ್ರಿಕೆಯವರು ಹೋದ ಮೇಲೂ ರವಿವಾರಕ್ಕೊಮ್ಮೆ ಬಸ್ಸು ಬರುತ್ತಿತ್ತು. ಹುಡುಗರು ಶಾಲೆಗೆ ಸುಣ್ಣ ಬಳಿದರು, ಕೊಚ್ಚಿಹೋದ ಪುಸ್ತಕಗಳ ಪಾಠಗಳನ್ನು ಕೈಯಿಂದ ಬರೆದು ತಂದುಕೊಟ್ಟರು. ಮಯೂರಿ ಪ್ರತಿ ಸಲವೂ ಬಾಟಲಿ ಹಿಡಿದು ಬಂದಳು. ತಾರಾಬಾಯಿ ಈಗ ಸೋಸಿ, ಆಮೇಲೆ ಕಾಸಿ ಕೊಡುತ್ತಿದ್ದರು. ಕಾಶೆವ್ವನ ಬಾಗಿಲ ಕಡೆ ನೋಡುತ್ತ ಕೊಡುತ್ತಿದ್ದರು.

ಭಾದ್ರಪದದಲ್ಲಿ ಅವರ ದಶಲಕ್ಷಣ ಪರ್ವ ಬಂತು. ಅದು ಮುಗಿದ ಮೇಲೆ ಕ್ಷಮಾವಾಣಿಯ ದಿನ. ಗೊತ್ತಿದ್ದೋ ಗೊತ್ತಿಲ್ಲದೆಯೋ ಮಾಡಿದ ತಪ್ಪಿಗೆ ಅಂದು ಎಲ್ಲರ ಮುಂದೆ ಕೈ ಜೋಡಿಸಿ ಕ್ಷಮೆ ಕೇಳುತ್ತಾರೆ. ನಾವು ಅವತ್ತು ಊರಲ್ಲೇ ಇದ್ದೆವು. ತಾರಾಬಾಯಿ ಬಸದಿಯಿಂದ ಬಂದವರು ಮೊದಲು ಹಿತ್ತಲಿಗೆ ಹೋಗಿ ಬಾವಿಯ ಕಟ್ಟೆಗೆ ಹಣೆ ಹಚ್ಚಿ ನಿಂತರು. ಏನು ಹೇಳಿದರೋ ಅವರಿಗೂ ಬಾವಿಗೂ ಗೊತ್ತು. ಆಮೇಲೆ ಮಯೂರಿಯ ಮುಂದೆ ಕೈ ಜೋಡಿಸಿದರು, ಅವಳು ಅವರ ಕಾಲಿಗೆ ಬಿದ್ದಳು. ನನ್ನ ಮುಂದೆಯೂ ಜೋಡಿಸಿದರು. ಏನು ಮಾಡಬೇಕೆಂದು ತಿಳಿಯದೆ ನಾನು ಚಪ್ಪಲಿ ಬಿಟ್ಟು ನಿಂತೆ. ಕೊನೆಗೆ ಅವರು ಕಾಶೆವ್ವನ ಬಾಗಿಲಿಗೆ ನಡೆದರು, ನಾವಿಬ್ಬರೂ ಹಿಂದೆ ಹೋದೆವು.

ಕಾಶೆವ್ವ ಪಡಸಾಲೆಯ ಕಟ್ಟೆಯ ಮೇಲೆ ಶೋಭಾಳ ತಲೆ ಬಾಚುತ್ತಿದ್ದಳು. ತಾರಾಬಾಯಿ ಹೊಸ್ತಿಲ ಈಚೆ ನಿಂತು ಕೈ ಜೋಡಿಸಿದರು.

"ಕಾಶೆವ್ವಾ, ನಿನ್ನ ಕೂಸಿಗೆ ನಾ ಚಲೋದಂತ ತಿಳದು ಕೊಟ್ಟೆ. ತಪ್ಪಾತು. ಕ್ಷಮಾ ಮಾಡ."

ಕಾಶೆವ್ವ ಬಾಚಣಿಗೆ ಕೆಳಗಿಟ್ಟಳು. ಎದ್ದು ಒಳಗೆ ಹೋದಳು. ಮುಗಿಯಿತು ಎಂದುಕೊಂಡೆ ನಾನು. ಅವಳು ಹೊರಗೆ ಬಂದಾಗ ಒಂದು ಕೈಯಲ್ಲಿ ನೀರಿನ ಚರಿಗೆ, ಇನ್ನೊಂದರಲ್ಲಿ ಖಾಲಿ ಲೋಟ. ನಮ್ಮೆದುರೇ ತನ್ನ ಸೆರಗನ್ನು ಲೋಟದ ಬಾಯಿಗೆ ಹಾಸಿ, ಮೇಲಿಂದ ನೀರು ಸುರಿದು ಸೋಸಿದಳು. ತೆಳ್ಳಗಿನ ನೈಲಾನ್ ಸೀರೆ, ಅದೂ ಒಂದೇ ಪದರ. ತಾರಾಬಾಯಿಯ ನೇಮದಲ್ಲಿ ಅದು ಸೋಸಿದ ಹಾಗೇ ಅಲ್ಲ. ಲೋಟವನ್ನು ಅವರ ಮುಂದೆ ಹಿಡಿದಳು.

ತಾರಾಬಾಯಿ ಸೆರಗು ನೋಡಿದರು, ಲೋಟ ನೋಡಿದರು. ಎರಡೂ ಕೈಯಿಂದ ತೆಗೆದುಕೊಂಡು, ಕಟ್ಟೆಯ ಮೇಲೆ ಕೂತು, ಪೂರ್ತಿ ಕುಡಿದರು.

ಕಾಶೆವ್ವ ತನ್ನ ಒದ್ದೆ ಸೆರಗನ್ನು ಹಿಂಡಲಿಲ್ಲ. ಕೆಳಗೆ ಬಿಡದೆ ಅಂಗೈಯಲ್ಲಿ ಹಿಡಿದುಕೊಂಡೇ ನಿಂತಿದ್ದಳು.

"ತಾರಕ್ಕಾ, ಆ ಬುಡಕ್ಕ ಬಳಿ ಇದ್ದ ತಂಬಿಗಿ ತಗೊಂಬಾ," ಎಂದಳು. "ಇದನ್ನ ತೊಳದು ನಿನ್ನ ಬಾವಿಗೇ ಬಿಡಬೇಕು. ನೀರು ಅಲ್ಲೀದ. ನೀ ಬಸ್ತಿಗೆ ಹೋದಾಗ ಸೇದಿಕೊಂಡ ಬಂದೇನಿ."

ಬಾವಿಗೆ ಪುಡಿ ಹಾಕುವಾಗ ಅಳದಿದ್ದ ತಾರಾಬಾಯಿ ಆಗ ಅತ್ತರು. ಶೋಭಾ ಅರ್ಧ ಹೆಣೆದ ಜಡೆ ಹಿಡಿದುಕೊಂಡು, ತಂಬಿಗೆ ತರಲು ಅವರ ಮನೆಗೆ ಓಡಿತು.